480 ಡಿಗ್ರಿಯ ಹದ

ಶ್ರೀಹರಿಕೋಟಾದಿಂದ ರಾಕೆಟ್ ಹಾರಿದ ದಿನ ಬಳ್ಳಾರಿಯಲ್ಲಿ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: 'ಅದರ ಉಕ್ಕು ನಮ್ಮ ಸಂಡೂರು ಗುಡ್ಡದ್ದಂತೆ!' 2023ರ ಜುಲೈ 14ರಂದು ಚಂದ್ರಯಾನ-3 ಹೊರಟಾಗಲೂ ಹೀಗೇ ಆಯಿತು. ಊರಿನ ಮೇಲಿನ ಅಭಿಮಾನದ ಮಾತು, ಬೇಡ ಅನ್ನುವುದಿಲ್ಲ. ಆದರೆ ಇದರ ಬೆನ್ನಿಗೆ ಒಂದು ತಪ್ಪು ನಂಬಿಕೆ ಅಂಟಿಕೊಂಡಿದೆ. ಅದಿರು ಒಳ್ಳೆಯದಾದರೆ ಉಕ್ಕು ತಾನಾಗಿಯೇ ಗಟ್ಟಿಯಾಗುತ್ತದೆ ಎಂಬ ನಂಬಿಕೆ. ಅದಿರು ಒಳ್ಳೆಯದಾದರೆ ಕಾರ್ಖಾನೆಯ ಖರ್ಚು ಕಡಿಮೆಯಾಗುತ್ತದೆ, ನಿಜ. ಆದರೆ ಕಬ್ಬಿಣದ ಪರಮಾಣು ಯಾವ ಗುಡ್ಡದಿಂದ ಬಂದರೂ ಒಂದೇ. ಗಟ್ಟಿತನ ಬರುವುದು ಆಮೇಲೆ ಮಾಡುವ ಕೆಲಸದಿಂದ.

ಆ ಕೆಲಸವನ್ನು ನಮ್ಮ ದೇಶದಲ್ಲಿ ಕಲಿತು ಮಾಡುತ್ತಿರುವ ಮುಖ್ಯ ಜಾಗ ಹೈದರಾಬಾದಿನ ಕಂಚನ್‌ಬಾಗ್‌ನಲ್ಲಿದೆ. ಹೆಸರು ಮಿಶ್ರ ಧಾತು ನಿಗಮ, ಎಲ್ಲರೂ ಕರೆಯುವುದು ಮಿಧಾನಿ ಅಂತ. ರಕ್ಷಣಾ ಸಚಿವಾಲಯದ ಕೆಳಗಿರುವ ಸರ್ಕಾರಿ ಕಂಪನಿ, 1973ರಲ್ಲಿ ಶುರುವಾದದ್ದು. ಎಚ್‌ಎಎಲ್, ಬಿಇಎಲ್ ಹೆಸರು ನಮ್ಮ ಹುಡುಗರಿಗೆಲ್ಲ ಗೊತ್ತು. ಮಿಧಾನಿ ಹೆಸರು ಎಷ್ಟೋ ಜನರಿಗೆ ಗೊತ್ತಿಲ್ಲ. ಕಬ್ಬಿಣದ ಜಿಲ್ಲೆಯಲ್ಲೇ ಹೀಗಿದೆ ಅನ್ನುವುದು ನನಗೆ ಬೇಸರದ ಸಂಗತಿ.

ಮೊದಲು ಗಟ್ಟಿತನ ಅಂದರೆ ಎಷ್ಟು ಅಂತ ನೋಡೋಣ. ಬಳ್ಳಾರಿಯ ಯಾವುದೇ ಕಬ್ಬಿಣದ ಅಂಗಡಿಯಲ್ಲಿ ಟಿಎಂಟಿ ಕಂಬಿಯನ್ನು ಕೈಯಲ್ಲಿ ತಿರುಗಿಸಿದರೆ ಅದರ ಮೈಮೇಲೆ 500 ಅಥವಾ 550 ಎಂಬ ಉಬ್ಬು ಅಂಕಿ ಸಿಗುತ್ತದೆ. 500 ಅಂದರೆ, ಒಂದು ಚದರ ಮಿಲಿಮೀಟರ್ ಅಡ್ಡಳತೆಯ ತಂತಿಗೆ ಸುಮಾರು 50 ಕಿಲೋ, ಅಂದರೆ ಒಂದು ಸಿಮೆಂಟ್ ಚೀಲ ತೂಗುಹಾಕಿದರೂ ಅದು ಕಾಯಂ ಹಿಗ್ಗುವುದಿಲ್ಲ. ರಾಕೆಟ್ಟಿನ ಕವಚಕ್ಕೆ ಬಳಸುವ ಮಾರೇಜಿಂಗ್ ಉಕ್ಕಿನ ತಂತಿ ಅಂಥ ಮೂರು ಚೀಲಕ್ಕೂ ಜಗ್ಗುವುದಿಲ್ಲ. ಚಂದ್ರಯಾನವನ್ನು ಹೊತ್ತ ಎಲ್‌ವಿಎಂ-3 ರಾಕೆಟ್ಟಿನ ಎರಡೂ ಪಕ್ಕದಲ್ಲಿ ಬಿಳಿ ಕೊಳವೆಗಳಿರುತ್ತವಲ್ಲ, ಅವೇ ಎಸ್-200. ಒಂದೊಂದರಲ್ಲೂ 200 ಟನ್ನಿಗೂ ಜಾಸ್ತಿ ಘನ ಇಂಧನ. ಅಡ್ಡಗಲ 3.2 ಮೀಟರ್, ಆದರೆ ಕವಚದ ದಪ್ಪ ಎಂಟು ಮಿಲಿಮೀಟರಿನ ಆಸುಪಾಸು ಮಾತ್ರ! ಎರಡು ನಿಮಿಷ ಒಳಗೆ ಬೆಂಕಿ ಭೋರ್ಗರೆಯುವಾಗ ಹೊರಗಿನ ಗಾಳಿಯ ಹತ್ತಾರು ಪಟ್ಟು ಒತ್ತಡವನ್ನು ಆ ತೆಳು ಗೋಡೆಯೇ ತಡೆಯಬೇಕು. ಮನೆ ಕಟ್ಟುವ ಕಂಬಿಯ ಉಕ್ಕಿನಲ್ಲಿ ಅದನ್ನು ಮಾಡಿದರೆ ಗೋಡೆ ಮೂರು ಪಟ್ಟು ದಪ್ಪ ಆಗಬೇಕು. ತೂಕವೂ ಮೂರು ಪಟ್ಟು. ಆಮೇಲೆ ಚಂದ್ರನ ಮಾತೇ ಬೇಡ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಹಳ್ಳಿಯ ಕುಲುಮೆಯಲ್ಲಿ ಕುಡುಗೋಲಿಗೆ ಹದ ಹಾಕುವುದನ್ನು ನೋಡಿರುತ್ತೀರಿ. ಕೆಂಪಗೆ ಕಾಸಿ ನೀರಿಗೆ ಅದ್ದಿದರೆ ಚುಂಯ್ ಅಂತ ಉಗಿ ಏಳುತ್ತದೆ, ಅಲಗು ಗಡುಸಾಗುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಹಾಗೇ ಬಿಟ್ಟರೆ ಕಲ್ಲಿಗೆ ತಾಗಿ ಚಟ್ ಅಂತ ಮುರಿಯುತ್ತದೆ. ಅದಕ್ಕೇ ಕಮ್ಮಾರರು ಮತ್ತೆ ಸ್ವಲ್ಪ ಬಿಸಿ ಮಾಡಿ ಗಡುಸನ್ನು ಇಳಿಸುತ್ತಾರೆ. ಎರಡನೇ ಸಲ ಕಾಸಿದರೆ ಉಕ್ಕು ಮೆತ್ತಗಾಗುತ್ತದೆ, ಇದು ಕುಲುಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಮಾರೇಜಿಂಗ್ ಉಕ್ಕು ಇದಕ್ಕೆ ಪೂರಾ ಉಲ್ಟಾ. 820 ಡಿಗ್ರಿಗೆ ಕಾಸಿ ಸುಮ್ನೆ ಗಾಳಿಯಲ್ಲಿ ಆರಲು ಬಿಟ್ಟರೆ ಅದು ಮೆತ್ತಗೇ ಇರುತ್ತದೆ, ಲೇತ್ ಯಂತ್ರದಲ್ಲಿ ಆರಾಮಾಗಿ ಕಡೆಯಬಹುದು. ಆಮೇಲೆ 480 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟರೆ ಅದರ ಬಲ ಹತ್ತಿರ ಹತ್ತಿರ ದುಪ್ಪಟ್ಟಾಗುತ್ತದೆ.

ಯಾಕೆ ಹೀಗೆ? ಲೋಹದೊಳಗೆ ಪರಮಾಣುಗಳು ಸಾಲುಸಾಲಾಗಿ ಕೂತಿರುತ್ತವೆ. ಲೋಹ ಬಾಗುವಾಗ ಇಡೀ ಸಾಲು ಒಟ್ಟಿಗೆ ಸರಿಯುವುದಿಲ್ಲ. ದೊಡ್ಡ ಜಮಖಾನೆಯನ್ನು ಎಳೆದು ಸರಿಸುವುದು ಕಷ್ಟ, ಆದರೆ ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಕಾಲಲ್ಲಿ ತಳ್ಳುತ್ತಾ ಹೋದರೆ ಜಮಖಾನೆ ಸರಿದುಬಿಡುತ್ತದೆ, ಅಲ್ವಾ? ಲೋಹದ ಸಾಲುಗಳಲ್ಲೂ ಅಂಥ ಸುಕ್ಕುಗಳಿವೆ. ಅವು ಓಡಾಡಿದರೆ ಲೋಹ ಬಾಗುತ್ತದೆ, ಅಡ್ಡಿ ಸಿಕ್ಕರೆ ನಿಲ್ಲುತ್ತದೆ. ಜಮಖಾನೆಗೆ ಅಲ್ಲಲ್ಲಿ ಮೊಳೆ ಹೊಡೆದರೆ ಸುಕ್ಕು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕುಡುಗೋಲಿನಲ್ಲಿ ಅಡ್ಡಿ ಮಾಡುವುದು ಇಂಗಾಲ. ಅದು ಸಾಲುಗಳನ್ನೇ ತಿರುಚಿ ಬಿಗಿಹಿಡಿಯುತ್ತದೆ, ಹಾಗಾಗಿ ಗಡುಸಿನ ಜೊತೆ ಪೆಡಸುತನ ಬರುತ್ತದೆ. ಮಾರೇಜಿಂಗ್ ಉಕ್ಕಿನಲ್ಲಿ ಇಂಗಾಲ ಶೇ. 0.03ಕ್ಕಿಂತ ಕಡಿಮೆ. ಅದರ ಬದಲು ಶೇ. 18ರಷ್ಟು ನಿಕ್ಕಲ್, ಶೇ. 8ರಷ್ಟು ಕೋಬಾಲ್ಟ್, ಶೇ. 5ರಷ್ಟು ಮಾಲಿಬ್ಡಿನಮ್, ಒಂದು ಚಿಟಿಕೆ ಟೈಟಾನಿಯಮ್. 480 ಡಿಗ್ರಿಯ ಶಾಖದಲ್ಲಿ ನಿಕ್ಕಲ್ ಪರಮಾಣುಗಳು ಮಾಲಿಬ್ಡಿನಮ್, ಟೈಟಾನಿಯಮ್ ಜೊತೆ ಕೂಡಿ ನ್ಯಾನೋಮೀಟರ್ ಗಾತ್ರದ ಕಣಗಳಾಗುತ್ತವೆ. ಆ ಕಣಗಳೇ ಮೊಳೆಗಳು. ಕೋಬಾಲ್ಟ್ ತಾನು ಮೊಳೆಯಾಗುವುದಿಲ್ಲ, ಮಾಲಿಬ್ಡಿನಮ್ಮನ್ನು ಕಬ್ಬಿಣದಿಂದ ಹೊರದಬ್ಬಿ ಮೊಳೆಯಾಗುವಂತೆ ಮಾಡುತ್ತದೆ. ಶಾಖ ಜಾಸ್ತಿಯಾದರೆ ಅಥವಾ ಹೊತ್ತು ಮೀರಿದರೆ ಸಣ್ಣ ಕಣಗಳು ಕೂಡಿ ದಪ್ಪಗಾಗುತ್ತವೆ, ಮೊಳೆಗಳ ನಡುವೆ ಜಾಗ ಬಿಡುತ್ತದೆ, ಉಕ್ಕು ಮತ್ತೆ ಸೋಲುತ್ತದೆ.

ಇದಿಷ್ಟನ್ನೂ ಪುಸ್ತಕ ಓದಿ ತಿಳಿಯಬಹುದು. ಮಾಡುವುದು ಬೇರೆ ಮಾತು. ಗಂಧಕ, ರಂಜಕ (ಫಾಸ್ಫರಸ್) ಎರಡೂ ಶೇ. 0.01ರೊಳಗೇ ಇರಬೇಕು. ಗಾಳಿಯೂ ಒಳಗೆ ಸೇರಬಾರದು. ಅದಕ್ಕೆ ಮಿಧಾನಿಯಲ್ಲಿ ಲೋಹವನ್ನು ನಿರ್ವಾತದಲ್ಲಿ ಕರಗಿಸುತ್ತಾರೆ. ಹಾಗೆ ಎರಕ ಹೊಯ್ದ ಲೋಹದ ಗಟ್ಟಿಯನ್ನು ಇನ್ನೊಂದು ನಿರ್ವಾತ ಕುಲುಮೆಯಲ್ಲಿ ತೂಗುಹಾಕಿ, ವಿದ್ಯುತ್ ಕಿಡಿಯಿಂದ ಹನಿಹನಿಯಾಗಿ ಮತ್ತೆ ಕರಗಿಸುತ್ತಾರೆ. ಹನಿ ಬೀಳುವಾಗ ಅದರಲ್ಲಿ ಉಳಿದ ಅನಿಲ ಹೊರಹೋಗುತ್ತದೆ. ಕೆಳಗೆ ನೀರಿನಿಂದ ತಂಪಾಗಿಟ್ಟ ತಾಮ್ರದ ಅಚ್ಚಿನಲ್ಲಿ ಲೋಹ ಬುಡದಿಂದ ಮೇಲಕ್ಕೆ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ದೊಡ್ಡ ಕುಲುಮೆಗಳ ಲೆಕ್ಕದಲ್ಲಿ ಇಲ್ಲಿ ಆಗುವ ಮಾಲು ಏನೇನೂ ಅಲ್ಲ. ಆದರೆ ಎರಡೂ ಬೇರೆ ಬೇರೆ ವಿದ್ಯೆ.

ರಂಜಕದ ಹೆಸರು ಬಂದಾಗ ದೆಹಲಿಯ ಕಬ್ಬಿಣದ ಕಂಬದ ನೆನಪಾಗುತ್ತದೆ. ಅದು ಯಾಕೆ ತುಕ್ಕು ಹಿಡಿಯುವುದಿಲ್ಲ ಅನ್ನುವುದಕ್ಕೆ ಗಿಡಮೂಲಿಕೆ, ಮಂತ್ರ, ಮರೆತುಹೋದ ರಹಸ್ಯ ಅಂತ ವಾಟ್ಸಾಪಿನಲ್ಲಿ ಕಥೆಗಳು ಓಡಾಡುತ್ತವೆ. ಶನಿವಾರ ಕಬ್ಬಿಣ ಕೊಳ್ಳಬಾರದು ಅನ್ನುವ ಮನೆಗಳಿಗಿಂತ ನನಗೆ ಈ ಕಥೆಗಳ ಚಿಂತೆಯೇ ಜಾಸ್ತಿ, ಯಾಕೆಂದರೆ ಇವು ವಿಜ್ಞಾನದ ವೇಷ ಹಾಕಿಕೊಂಡು ಬರುತ್ತವೆ. ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣಿಯಂ ಇದನ್ನು ಅಭ್ಯಾಸ ಮಾಡಿ ವಿವರಿಸಿದ್ದಾರೆ. ಆ ಕಬ್ಬಿಣದಲ್ಲಿ ರಂಜಕ ಜಾಸ್ತಿ. ಅದರಿಂದ ಮೇಲ್ಮೈಯಲ್ಲಿ ಫಾಸ್ಫೇಟಿನ ತೆಳು ಪದರ ಕಟ್ಟಿ ತುಕ್ಕನ್ನು ತಡೆಯುತ್ತದೆ. ಕಂಬವನ್ನು ಕಾಪಾಡಿದ ಅದೇ ರಂಜಕ ರಾಕೆಟ್ ಉಕ್ಕಿಗೆ ವಿಷ. ಹಿಂದಿನವರ ಕೈಚಳಕ ದೊಡ್ಡದೇ. ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೆ ಕಬ್ಬಿಣ ಯುಗದವರು ಕಟ್ಟಿದ ಕಲ್ಲಿನ ಗೋರಿಗಳು ಎರಡು ಸಾವಿರ ವರ್ಷ ದಾಟಿ ನಿಂತಿವೆ. ಮೂಸೆಯಲ್ಲಿ ಮುಚ್ಚಿ ಕಾಸಿದ ದಕ್ಷಿಣ ಭಾರತದ ಉಕ್ಕನ್ನು ಇಂಗ್ಲೆಂಡಿನಲ್ಲಿ ಮೈಕೆಲ್ ಫ್ಯಾರಡೆಯೇ ಪರೀಕ್ಷೆಗೆ ಒಡ್ಡಿದ್ದರು. ಆದರೆ ಆ ಉಕ್ಕಿನಲ್ಲಿ ಇಂಗಾಲ ಶೇ. 1ಕ್ಕೂ ಮೇಲೆ. ಅದರ ದಾರಿಯಲ್ಲಿ ನಡೆದು ಮಾರೇಜಿಂಗ್ ಉಕ್ಕಿಗೆ ಬರಲು ಆಗುವುದಿಲ್ಲ. ಇದನ್ನು ಹೊಸದಾಗಿಯೇ ಕಲಿಯಬೇಕಿತ್ತು.

ಸರ್ಕಾರವೇ ಯಾಕೆ ಕಲಿಯಬೇಕಿತ್ತು? ಬೇಕಾದದ್ದು ಸ್ವಲ್ಪವೇ ಮಾಲು, ಯಂತ್ರಗಳಿಗೆ ಹಾಕಬೇಕಾದದ್ದು ಭಾರೀ ಬಂಡವಾಳ. ಲಾಭ ನೋಡುವವರು ಆಗ ಇದಕ್ಕೆ ಯಾಕೆ ಇಳಿಯುತ್ತಾರೆ? ಹೊರಗಿಂದ ತರೋಣ ಅಂದರೆ, ಇದೇ ಉಕ್ಕು ಕ್ಷಿಪಣಿಗೂ ಯುರೇನಿಯಂ ಬೇರ್ಪಡಿಸುವ ಯಂತ್ರಕ್ಕೂ ಬೇಕಾಗುವುದರಿಂದ ಇದರ ಮಾರಾಟದ ಮೇಲೆ ಅಂತಾರಾಷ್ಟ್ರೀಯ ನಿರ್ಬಂಧ ಬಂತು. ಪಕ್ಕದಲ್ಲೇ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ ಇದ್ದದ್ದು ಮಿಧಾನಿಗೆ ಅನುಕೂಲವಾಯಿತು. 80ರ ದಶಕದ ಶುರುವಿನಲ್ಲಿ ಉತ್ಪಾದನೆ ಆರಂಭವಾಯಿತು. ಇಸ್ರೋದ ಇನ್ನೊಂದು ರಾಕೆಟ್ ಪಿಎಸ್‌ಎಲ್‌ವಿಯ ಮೊದಲ ಹಂತದ ಕವಚವೂ ಮಾರೇಜಿಂಗ್ ಉಕ್ಕಿನದೇ. ಇವತ್ತು ಮಿಧಾನಿಯಲ್ಲಿ ಟೈಟಾನಿಯಮ್ ಮಿಶ್ರಲೋಹ, ಜೆಟ್ ಎಂಜಿನ್ನಿನ ಶಾಖ ತಡೆಯುವ ಲೋಹ, ಗುಂಡು ತಡೆಯುವ ಉಕ್ಕು ಎಲ್ಲವೂ ತಯಾರಾಗುತ್ತವೆ. 2018ರಲ್ಲಿ ಶೇರು ಮಾರುಕಟ್ಟೆಗೂ ಬಂತು.

ಹಾಗಾದರೆ ಸಂಡೂರು? ಮಾರೇಜಿಂಗ್ ಉಕ್ಕಿನ ಮೂರರಲ್ಲಿ ಎರಡು ಪಾಲು ಕಬ್ಬಿಣವೇ. ಕಬ್ಬಿಣ ನಮ್ಮ ದೇಶದಲ್ಲಿ ಬೇಕಾದಷ್ಟಿದೆ. ಸಂಡೂರಿನ ದೋಣಿಮಲೈ ಗಣಿಯಲ್ಲಿ 1977ರಲ್ಲೇ ಅದಿರು ತೆಗೆಯಲು ಶುರುವಾಯಿತು. ನಮ್ಮ ಗುಡ್ಡಗಳಲ್ಲಿ ಇಲ್ಲದ್ದು ನಿಕ್ಕಲ್, ಕೋಬಾಲ್ಟ್. ದೇಶ ಇವೆರಡನ್ನೂ ಬಹುಪಾಲು ಹೊರಗಿನಿಂದಲೇ ತರಿಸಿಕೊಳ್ಳುತ್ತದೆ. ಇನ್ನು ಮುಂದೆ ಈ ಉಕ್ಕಿನ ಬಗ್ಗೆ ಮಾತು ಬಂದಾಗ ಕೇಳಬೇಕಾದದ್ದು ಅವುಗಳ ಬಗ್ಗೆ: ಎಲ್ಲಿಂದ ಬರುತ್ತವೆ, ಯಾರು ಕೊಡುತ್ತಾರೆ, ಹಳೇ ಬ್ಯಾಟರಿಗಳಿಂದ ಎಷ್ಟನ್ನು ವಾಪಸ್ ತೆಗೆಯಬಹುದು.