ಭೂಮಿ–ಬಾಹ್ಯಾಕಾಶ ವಿಭಾಗ: ಗುರಿಗಳನ್ನು ಒರೆಗೆ ಹಚ್ಚುವುದು ಹೇಗೆ?

ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಮೇಲೆ ಪುಣೆ, ಮುಂಬಯಿಯ ಕನ್ನಡ ಮನೆಗಳಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಜೊತೆಗೆ ಈಗ ಭೂ ಮತ್ತು ಬಾಹ್ಯಾಕಾಶ ವಿಜ್ಞಾನದ ಹೆಸರೂ ಕೇಳಿಬರುತ್ತಿದೆ. ವಿಶ್ವವಿದ್ಯಾಲಯದ ಇಂಥ ವಿಭಾಗಗಳು ಸಾಮಾನ್ಯವಾಗಿ ಬರೆದುಕೊಳ್ಳುವ ಗುರಿಗಳು ಮೂರು: ಉತ್ತಮ ಬೋಧನೆ, ಉನ್ನತ ಸಂಶೋಧನೆ, ಸಮಾಜಕ್ಕೆ ಸೇವೆ. ಮೂರೂ ಸರಿಯೇ. ಆದರೆ ಎಲ್ಲರೂ ಇದನ್ನೇ ಬರೆದಾಗ ಯಾವ ವಿಭಾಗ ಗಟ್ಟಿ, ಯಾವುದು ಟೊಳ್ಳು ಎಂದು ತಿಳಿಯುವ ದಾರಿ ಯಾವುದು? ನಮ್ಮ ಪ್ರಕಾರ ಮೊದಲ ಗುರಿ ಒಂದೇ. ಇಲ್ಲಿ ಕಲಿತವರು ತಾವೇ ಅಳೆದ ಸಂಖ್ಯೆಯ ಪಕ್ಕದಲ್ಲಿ ಅದರ ತಪ್ಪು ಎಷ್ಟಿರಬಹುದು ಎಂದು ಬರೆಯಬೇಕು, ಆ ತಪ್ಪು ಎಲ್ಲಿಂದ ಬಂತು ಎಂದೂ ಹೇಳಬೇಕು. ಉಳಿದದ್ದೆಲ್ಲ ಇದರ ಬೆನ್ನಿಗೆ ಬರುತ್ತದೆ.

ಭೂಮಿ ಮತ್ತು ಬಾಹ್ಯಾಕಾಶ ಒಂದೇ ಸೂರಿನಡಿ ಏಕಿರಬೇಕು ಎಂಬುದಕ್ಕೆ ಮುಂಬಯಿಯಲ್ಲೇ ಉತ್ತರವಿದೆ. ಕೊಲಾಬಾ ವೀಕ್ಷಣಾಲಯ ಶುರುವಾದದ್ದು 1826ರಲ್ಲಿ. 1841ರಿಂದ ಅಲ್ಲಿ ಭೂಕಾಂತದ, ಅಂದರೆ ಭೂಮಿಯ ಕಾಂತಕ್ಷೇತ್ರದ, ಅಳತೆ ನಡೆಯಿತು. 1859ರ ಸೆಪ್ಟೆಂಬರ್ ಮೊದಲ ವಾರ, ಸೂರ್ಯನಿಂದ ಸಿಡಿದ ಕಣಗಳು ಭೂಮಿಗೆ ಅಪ್ಪಳಿಸಿದ ಸೌರ ಬಿರುಗಾಳಿಯಲ್ಲಿ ಭೂಕಾಂತ ಕ್ಷೇತ್ರದ ಸಮತಲ ಘಟಕ ಸುಮಾರು 1,600 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಅಳತೆಯ ಏಕಮಾನ) ಕುಸಿದದ್ದು ಅಲ್ಲಿ ದಾಖಲಾಗಿದೆ. ಸಾಮಾನ್ಯ ದಿನಗಳಲ್ಲಿ ಬೆಳಗಿನಿಂದ ಸಂಜೆಗೆ ಆಗುವ ಏರಿಳಿತ ಕೆಲವು ಹತ್ತು ನ್ಯಾನೋಟೆಸ್ಲಾಗಳಷ್ಟು ಮಾತ್ರ. ಆ ಬಿರುಗಾಳಿಯ ಬಲವನ್ನು ವಿಜ್ಞಾನಿಗಳು 2003ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಆಧಾರವಾಗಿದ್ದು ಇದೇ ಕಡತ. ಮುಂದೆ ಊರಿಗೆ ವಿದ್ಯುತ್ ಟ್ರಾಮ್ ಬರುವುದು ಖಚಿತವಾಯಿತು. ಹಳಿಯ ಕರೆಂಟು ಅಳತೆ ಕೆಡಿಸುತ್ತದೆಂದು ವೀಕ್ಷಣಾಲಯವನ್ನು ಅಲಿಬಾಗ್‌ಗೆ ಸಾಗಿಸಲು ನಿರ್ಧರಿಸಿದರು. 1904ರಿಂದ 1906ರವರೆಗೆ ಎರಡೂ ಕಡೆ ಏಕಕಾಲಕ್ಕೆ ಅಳೆದು, ಎರಡರ ನಡುವಿನ ಅಂತರ ಗೊತ್ತುಮಾಡಿಕೊಂಡ ಮೇಲೆಯೇ ಕೊಲಾಬಾದ ಅಳತೆ ನಿಂತಿತು. ಇಂದು ಅಲಿಬಾಗ್ ನವಿ ಮುಂಬಯಿಯ ಭಾರತೀಯ ಭೂಕಾಂತತ್ವ ಸಂಸ್ಥೆಯ ಕೈಯಲ್ಲಿದೆ. ಆ ಎರಡು ವರ್ಷದ ಜೋಡಿ ಅಳತೆ ಇಲ್ಲದಿದ್ದರೆ ಕೊಲಾಬಾದ್ದೂ ಅಲಿಬಾಗ್‌ನದ್ದೂ ಬೇರೆ ಬೇರೆ ತುಂಡುಗಳಾಗಿ ಉಳಿಯುತ್ತಿದ್ದವು.

ವಿಭಾಗವೊಂದು ತನ್ನ ಆವರಣದಲ್ಲಿ ಭೂಕಾಂತ ಅಳೆಯುವ ಕಾಂತಮಾಪಕ ಇಟ್ಟಿದ್ದರೆ ನೋಡಬೇಕಾದದ್ದು ಇಷ್ಟು. ಅದನ್ನಿಟ್ಟ ಗುಡಿಸಲು ರಸ್ತೆಯಿಂದ, ಲಿಫ್ಟಿನಿಂದ, ಪಾರ್ಕಿಂಗ್‌ನಿಂದ ದೂರವಿದೆಯೇ? ಮೊಳೆ, ಬಿಜಾಗರಿ, ಚಿಲಕ ಹಿತ್ತಾಳೆಯವೇ ಅಥವಾ ಅಲ್ಯೂಮಿನಿಯಂನವೇ? ಫ್ಲಕ್ಸ್‌ಗೇಟ್ ಎಂಬ ಬಗೆಯ ಕಾಂತಮಾಪಕದ ಸೊನ್ನೆ ಉಷ್ಣಾಂಶದೊಂದಿಗೆ ಜಾರುತ್ತದೆ. ಹೀಗಾಗಿ ವಾರಕ್ಕೊಮ್ಮೆಯಾದರೂ ಕಾಂತಗುಣವಿಲ್ಲದ ಥಿಯೋಡೊಲೈಟ್ ಎಂಬ ಕೋನಮಾಪಕದಿಂದ ಭೂಕಾಂತದ ದಿಕ್ಕಿನ ಕೋನಗಳನ್ನೂ ಪ್ರೋಟಾನ್ ಕಾಂತಮಾಪಕದಿಂದ ಒಟ್ಟು ಬಲವನ್ನೂ ಅಳೆದು ತಾಳೆ ನೋಡಬೇಕು. ಅಳೆಯುವವರು ಬೀಗದಕೈ, ಬೆಲ್ಟು, ಮೊಬೈಲ್ ಹೊರಗಿಟ್ಟು ಒಳಗೆ ಹೋಗಬೇಕು. ಈ ತಾಳೆ ತಿಂಗಳುಗಟ್ಟಲೆ ತಪ್ಪಿದರೆ ಗ್ರಾಫಿನಲ್ಲಿ ಕಾಣುವ ನಿಧಾನದ ಇಳಿಜಾರು ಭೂಮಿಯದ್ದೋ ಉಪಕರಣದ ಪೆಟ್ಟಿಗೆಯದ್ದೋ ಎಂದು ಯಾರೂ ಹೇಳಲಾರರು.

ಸಹ್ಯಾದ್ರಿಯ ಕಪ್ಪು ಕಲ್ಲಿನ ಮೇಲೆ ಫೀಲ್ಡ್ ಕೆಲಸ ಕಲಿಸುವವರಿಗೂ ಇದೇ ಎಚ್ಚರ ಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಈ ಬಸಾಲ್ಟ್‌ನಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಖನಿಜ ಇದೆ. ಸಿಡಿಲು ಬಡಿದ ಬಂಡೆಯ ಬಳಿಯಂತೂ ದಿಕ್ಸೂಚಿ ಹತ್ತಾರು ಡಿಗ್ರಿ ತಪ್ಪು ತೋರಿಸಬಹುದು. ಮದ್ದು ಸುಲಭ. ‘ಅ’ ಬಿಂದುವಿನಿಂದ ‘ಬ’ಗೆ, ‘ಬ’ದಿಂದ ‘ಅ’ಗೆ ದಿಕ್ಕು ನೋಡಿ; ಎರಡರ ವ್ಯತ್ಯಾಸ 180 ಡಿಗ್ರಿ ಇರಬೇಕು. ಇಲ್ಲದಿದ್ದರೆ ಒಂದು ಕಡೆ ಕಲ್ಲು ಸೂಜಿಯನ್ನು ಎಳೆಯುತ್ತಿದೆ. ಆಗ ಬಂಡೆಯಿಂದ ದೂರ ಸರಿದು ನೋಡಬೇಕು, ಇಲ್ಲವೇ ಸೂರ್ಯನ ನೆರಳಿನಿಂದ ದಿಕ್ಕು ಹಿಡಿಯಬೇಕು. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ರೀಡಿಂಗ್ ತೆಗೆಯುವವರೂ ಇದ್ದಾರೆ!

ಅದೇ ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಥಿನ್ ಸೆಕ್ಷನ್, ಅಂದರೆ ಬೆಳಕು ಹಾಯುವಷ್ಟು ತೆಳು ಬಿಲ್ಲೆ, ಬೇಕು. ಡೈಮಂಡ್ ಗರಗಸದಲ್ಲಿ ಬಿಲ್ಲೆ ಕತ್ತರಿಸಿ, ಒಂದು ಮುಖವನ್ನು ಕಾರ್ಬೊರಂಡಮ್ ಪುಡಿಯಲ್ಲಿ 400, 600, 1000ರ (ಅಂಕ ಏರಿದಂತೆ ಪುಡಿ ನಯ) ಕ್ರಮದಲ್ಲಿ ತಿಕ್ಕಿ, ಒಣಗಿಸಿ, ಎಪಾಕ್ಸಿಯಿಂದ ಗಾಜಿಗೆ ಅಂಟಿಸಿ, ಇನ್ನೊಂದು ಬದಿಯನ್ನು 0.03 ಮಿ.ಮೀ. ದಪ್ಪಕ್ಕೆ ಇಳಿಸುತ್ತಾರೆ. ಕಣ್ಣಳತೆಯ ಗುರುತು ಪ್ಲೇಜಿಯೋಕ್ಲೇಸ್ ಎಂಬ ಖನಿಜ: ಸೂಕ್ಷ್ಮದರ್ಶಕದಲ್ಲಿ ಒಂದಕ್ಕೊಂದು ಅಡ್ಡವಾಗಿಟ್ಟ ಎರಡು ಧ್ರುವಕ ಸೋಸುಗಳ ನಡುವೆ ಅದು ಬೂದು–ಬಿಳಿ ಕಾಣಬೇಕು, ಹಳದಿ ಕಂಡರೆ ಇನ್ನೂ ದಪ್ಪವಿದೆ. ಪುಡಿ ಬದಲಿಸುವಾಗ ಬಿಲ್ಲೆಯನ್ನೂ ಕೈಯನ್ನೂ ತೊಳೆಯದಿದ್ದರೆ ಒರಟು ಪುಡಿಯ ಒಂದೇ ಕಣ ಇಡೀ ಮುಖಕ್ಕೆ ಗೀರು ಎಳೆಯುತ್ತದೆ. ಪುಣೆ ಸುತ್ತಲಿನ ಗುಳಿಗುಳಿ ಬಸಾಲ್ಟ್‌ನ ಗುಳಿಗಳಲ್ಲಿ ಬೆಳೆಯುವ ಜಿಯೊಲೈಟ್ ಖನಿಜ ಉದುರಿಹೋಗುವ ಜಾತಿ. ಕತ್ತರಿಸುವ ಮೊದಲೇ ತೆಳು ಎಪಾಕ್ಸಿ ಕುಡಿಸಬೇಕು. ಪುಣೆ ಬಳಿಯ ವಾಘೋಲಿಯ ನೀಲಿ ಖನಿಜ ಕ್ಯಾವನ್ಸೈಟ್ ಲೋಕಪ್ರಸಿದ್ಧ. ಅದರ ಹರಳನ್ನು ಗಾಜಿನ ಕಪಾಟಿನಲ್ಲಿ ಇಟ್ಟಿರುವುದಕ್ಕಿಂತ, ಅದು ಯಾವ ಪದರದಲ್ಲಿ ಸಿಕ್ಕಿತು ಎಂಬ ಚೀಟಿ ಪಕ್ಕದಲ್ಲಿದೆಯೇ ಎಂಬುದು ಮುಖ್ಯ.

ಭೂಕಂಪದ ವಿಷಯದಲ್ಲಿ ಈ ಪ್ರಾಂತಕ್ಕೆ ಕೊಯ್ನಾ ಜಲಾಶಯ ದೊಡ್ಡ ಪಾಠ. 1967ರ ಡಿಸೆಂಬರ್ 11ರ ನಸುಕಿನ ಭೂಕಂಪ, ಜಲಾಶಯದ ನೀರು ತುಂಬಿದ್ದರಿಂದ ಪ್ರಚೋದಿತವಾದ ಕಂಪನಗಳಲ್ಲಿ ಪ್ರಮುಖವೆಂದು ಜಗತ್ತೆಲ್ಲ ಅಧ್ಯಯನ ಮಾಡುತ್ತದೆ. ಪುಣೆಯ ಭೂಕಂಪಮಾಪಕದಲ್ಲಿ ವೇಗದ ಪಿ ಅಲೆ ಬಂದು 15 ಸೆಕೆಂಡ್ ಬಿಟ್ಟು ನಿಧಾನದ ಎಸ್ ಅಲೆ ಬಂದರೆ, ಸೆಕೆಂಡಿಗೆ 8 ಕಿ.ಮೀ.ಯಂತೆ ಗುಣಿಸಿ ದೂರ ಸುಮಾರು 120 ಕಿ.ಮೀ. ಎನ್ನಬಹುದು, ಕೊಯ್ನಾ ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಆದರೆ ಒಂದು ಕೇಂದ್ರದ ಈ ಲೆಕ್ಕ ಹೇಳುವುದು ದೂರವನ್ನು ಮಾತ್ರ. ಜಾಗ ಹೇಳಲು ಮೂರು ಕೇಂದ್ರ ಬೇಕು, ಮೂರರ ಗಡಿಯಾರವೂ ಜಿಪಿಎಸ್‌ಗೆ ಹೊಂದಿರಬೇಕು. ಒಂದು ಗಡಿಯಾರ ಒಂದೇ ಸೆಕೆಂಡ್ ತಪ್ಪಿದರೂ ಪಿ ಅಲೆಯ ಲೆಕ್ಕದಲ್ಲಿ ಸುಮಾರು 6 ಕಿ.ಮೀ. ವ್ಯತ್ಯಾಸ. ಮಳೆಗಾಲದಲ್ಲಿ ಅರಬ್ಬೀ ಸಮುದ್ರದ ಅಲೆಗಳಿಂದ ನೆಲದ ಸಣ್ಣ ನಡುಕ ಹೆಚ್ಚುತ್ತದೆ. ಆಗ ಚಿಕ್ಕ ಕಂಪನಗಳು ಕಾಣದಿದ್ದರೆ ಕಂಪನವೇ ಆಗಿಲ್ಲ ಎಂದು ಬರೆಯುವಂತಿಲ್ಲ.

ಬಾಹ್ಯಾಕಾಶದ ಕಡೆ ಪುಣೆಗೆ ಭಾಗ್ಯ ದೊಡ್ಡದು. ವಿಶ್ವವಿದ್ಯಾಲಯದ ಆವರಣದಲ್ಲೇ 1988ರಲ್ಲಿ ಹುಟ್ಟಿದ ಖಗೋಳ ಸಂಶೋಧನಾ ಕೇಂದ್ರ ಆಯುಕಾ ಇದೆ. ಸೂರ್ಯನನ್ನು ನೋಡುವ ಆದಿತ್ಯ-ಎಲ್1 ನೌಕೆಯ ಸೂಟ್ ಎಂಬ ನೇರಳಾತೀತ ದೂರದರ್ಶಕ ರೂಪುಗೊಂಡದ್ದು ಅಲ್ಲಿಯೇ. ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ ತಲಾ 45 ಮೀಟರ್ ವ್ಯಾಸದ 30 ತಟ್ಟೆಗಳ ರೇಡಿಯೊ ದೂರದರ್ಶಕ ಜಿಎಂಆರ್‌ಟಿ ಇದೆ. ಆದರೆ ಬಸ್ಸಿನಲ್ಲಿ ಹೋಗಿ ಫೋಟೊ ತೆಗೆದುಕೊಂಡು ಬಂದರೆ ಕಲಿಕೆ ಆಗದು. ವಿಭಾಗದ ಮಹಡಿಯ ಮೇಲೆ ಮಕ್ಕಳೇ ಕಹಳೆಯಾಕಾರದ ಒಂದು ಹಾರ್ನ್ ಆಂಟೆನಾ ಕಟ್ಟಿ, ಆಕಾಶದ ಜಲಜನಕ ಹೊರಸೂಸುವ 1,420.4 ಮೆಗಾಹರ್ಟ್ಸ್ ರೇಡಿಯೊ ಗೆರೆ ಹಿಡಿಯಲಿ. ಮೊದಲ ತಪ್ಪು ಆಗುವುದು ಕೇಬಲ್‌ನಲ್ಲಿ: ಆಂಪ್ಲಿಫೈಯರ್‌ಗಿಂತ ಮುಂಚೆ 1 ಡೆಸಿಬಲ್ ನಷ್ಟವಾದರೂ ಸುಮಾರು 75 ಕೆಲ್ವಿನ್ (ಗದ್ದಲವನ್ನು ಉಷ್ಣಾಂಶದ ಲೆಕ್ಕದಲ್ಲಿ ಅಳೆಯುತ್ತಾರೆ) ಗದ್ದಲ ಸೇರುತ್ತದೆ. ಹಾಗಾಗಿ ಆಂಪ್ಲಿಫೈಯರ್ ಆಂಟೆನಾಕ್ಕೆ ಅಂಟಿಕೊಂಡೇ ಇರಬೇಕು. ಎರಡನೆಯದು ಲೆಕ್ಕದಲ್ಲಿ: ಜಲಜನಕ ನಮ್ಮತ್ತ ಅಥವಾ ನಮ್ಮಿಂದ ದೂರ ಸರಿಯುವ ಸೆಕೆಂಡಿಗೆ 1 ಕಿ.ಮೀ. ವೇಗಕ್ಕೆ ಗೆರೆ 4.7 ಕಿಲೋಹರ್ಟ್ಸ್ ಸರಿಯುತ್ತದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ವೇಗದಲ್ಲಿ ಓಡುತ್ತಿರುವುದನ್ನು ಕಳೆಯದಿದ್ದರೆ, ಜನವರಿಯಲ್ಲಿ ಕಂಡ ಅದೇ ಜಲಜನಕದ ಮೋಡ ಜುಲೈನಲ್ಲಿ ಬೇರೆ ವೇಗ ತೋರಿಸುತ್ತದೆ.

ಸಮುದ್ರದತ್ತ ಒಲವಿರುವವರಿಗೆ ಗೋವೆಯ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ವಾಸ್ಕೋದಲ್ಲಿ ಧ್ರುವ ಸಂಶೋಧನಾ ಕೇಂದ್ರ ಇವೆ; ಪ್ರವೇಶಕ್ಕೆ ಮೊದಲೇ ವಿಭಾಗಕ್ಕೆ ಅಲ್ಲಿಯ ನಂಟು ಇದೆಯೇ ಎಂದು ಕೇಳಿಕೊಳ್ಳಿ.

ಸೇವೆ ಎಂಬ ಮೂರನೇ ಗುರಿ ಕನ್ನಡಿಗರಿಗೆ ಹತ್ತಿರದ್ದು. ಮಹಾಬಳೇಶ್ವರದಲ್ಲಿ ಬಿದ್ದ ಮಳೆ ಕೃಷ್ಣೆಯಲ್ಲೂ ಕೊಯ್ನೆಯಲ್ಲೂ ಹರಿದು, ಕರಾಡದಲ್ಲಿ ಕೂಡಿ, ಬೆಳಗಾವಿ, ಬಾಗಲಕೋಟೆಯ ಹೊಲಗಳಿಗೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಸಾಂಗ್ಲಿಯೂ ಮುಳುಗಿತು, ಇತ್ತ ನಮ್ಮ ನದಿದಂಡೆಯ ಊರುಗಳೂ ಮುಳುಗಿದವು. ಮಳೆ ಎಷ್ಟು ಅಸಮ ಎಂಬುದಕ್ಕೆ 2005ರ ಜುಲೈ 26 ಸಾಕು: ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ., ಅದೇ ಊರಿನ ಕೊಲಾಬಾದಲ್ಲಿ 73. ಹಾಗಾಗಿ ಘಟ್ಟದ ಶಾಲೆಗಳಲ್ಲಿ ಮಳೆಮಾಪಕ ಇಡಿಸುವುದು ವಿಭಾಗವೊಂದು ಮಾಡಬಹುದಾದ ನಿಜವಾದ ಸೇವೆ. ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಇದ್ದರೆ 20 ಮಿಲಿಲೀಟರ್ ನೀರು ಎಂದರೆ 1 ಮಿ.ಮೀ. ಮಳೆ. ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಬೇಕು, ಮರ, ಗೋಡೆಗಳು ತಮ್ಮ ಎತ್ತರದ ಎರಡರಷ್ಟಾದರೂ ದೂರವಿರಬೇಕು. ಅಳೆಯುವುದು ಬೆಳಿಗ್ಗೆ 8.30ಕ್ಕೆ, ಬರೆಯುವುದು ಅಳೆದ ದಿನದ ತಾರೀಖಿಗೆ. ಭಾನುವಾರ ಯಾರೂ ಬಾರದೆ ಸೋಮವಾರ ಒಟ್ಟಿಗೆ ಅಳೆದರೆ ಎರಡು ದಿನದ್ದು ಎಂದೇ ಬರೆಯಬೇಕು. ಭಾನುವಾರಕ್ಕೆ ಸೊನ್ನೆ ಹಾಕಿದರೆ ಮಳೆ ಬಿದ್ದ ದಿನವೊಂದು ಕಡತದಲ್ಲಿ ಒಣದಿನವಾಗುತ್ತದೆ, ಸೋಮವಾರದ್ದು ಸುಳ್ಳು ಬಿರುಮಳೆಯಾಗುತ್ತದೆ, ಪ್ರವಾಹದ ಲೆಕ್ಕ ಹಾಕುವವರು ಎರಡನ್ನೂ ನಂಬುತ್ತಾರೆ.