ಬಸಿರಿನ ಮೊದಲ ವಾರಗಳ ಅನಿಶ್ಚಿತತೆ: ಓದುವಾಗ ಬರೆದುಕೊಂಡ ಟಿಪ್ಪಣಿ

ಸಿಲೆಬಸ್‌ನಲ್ಲಿ ಇದು ಒಂದೇ ಸಾಲು. ಓದಲು ಕೂತರೆ ಅರ್ಧ ಸ್ತ್ರೀರೋಗ ಶಾಸ್ತ್ರ, ಅರ್ಧ ಮನಶ್ಶಾಸ್ತ್ರ. ಎರಡನ್ನೂ ಬೇರೆ ಬೇರೆ ಓದಿದರೆ ತಲೆಗೆ ಹತ್ತುವುದಿಲ್ಲ. ಹೆಂಗಸರು ಏಕೆ ಹಾಗೆ ನಿಭಾಯಿಸುತ್ತಾರೆ ಅಂತ ಗೊತ್ತಾಗಬೇಕಾದರೆ, ಆಸ್ಪತ್ರೆಯವರಿಗೆ ಆ ಹೊತ್ತಿಗೆ ಏನು ಗೊತ್ತಿರುತ್ತದೆ, ಏನು ಗೊತ್ತಿರುವುದಿಲ್ಲ ಎಂಬುದು ಮೊದಲು ಗೊತ್ತಿರಬೇಕು.

ನನಗೆ ದಾರಿ ತೋರಿಸಿದ್ದು ಒಂದೇ ಪ್ರಶ್ನೆ. ಯಾವ ಕೇಸ್ ಓದಿದರೂ ಇದನ್ನು ಕೇಳಿಕೊಳ್ಳಿ: ಆಕೆಗೆ ಗೊತ್ತಿಲ್ಲದ ವಿಷಯವನ್ನು ಯಾರಾದರೂ ಈಗಲೇ ಹೇಳಬಹುದಾ, ಅಥವಾ ದಿನ ಕಳೆಯಲೇಬೇಕಾ? ಮೊದಲನೆಯದಕ್ಕೆ ಮಾಹಿತಿ ಸಾಕು. ಎರಡನೆಯದಕ್ಕೆ ಎಷ್ಟು ಮಾಹಿತಿ ಸುರಿದರೂ ಗೊಂದಲ ತಗ್ಗುವುದಿಲ್ಲ, ಕೆಲವೊಮ್ಮೆ ಜಾಸ್ತಿಯೇ ಆಗುತ್ತದೆ. ಬಸಿರಿನ ಮೊದಲ ವಾರಗಳ ಕಷ್ಟವೆಲ್ಲ ಹೆಚ್ಚಾಗಿ ಈ ಎರಡನೇ ಜಾತಿಯದು.

ವಾರದ ಲೆಕ್ಕ

ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸೋಣ. ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ 'ಆರು ವಾರ' ಅಂದರೆ ಗರ್ಭ ಕಟ್ಟಿ ಸುಮಾರು ನಾಲ್ಕೇ ವಾರ. ಮುಟ್ಟು ಹಿಂದೆ ಮುಂದೆ ಆಗುವವರಲ್ಲಿ ಈ ಲೆಕ್ಕವೂ ತಪ್ಪುತ್ತದೆ. ಮೊದಲ ಸ್ಕ್ಯಾನ್‌ನಲ್ಲಿ 'ವಾರಕ್ಕೆ ತಕ್ಕ ಬೆಳವಣಿಗೆ ಕಾಣ್ತಿಲ್ಲ' ಅಂದಾಗ ತೊಂದರೆ ಇರುವುದು ಗರ್ಭದಲ್ಲೇ ಇರಬೇಕೆಂದಿಲ್ಲ, ತಾರೀಖಿನಲ್ಲೂ ಇರಬಹುದು. ಯಾವುದು ಅನ್ನುವುದು ಆ ದಿನ ಹೇಳಲಾಗುವುದಿಲ್ಲ.

ಎರಡು 'ಗೊತ್ತಿಲ್ಲ'ಗಳು (ಇಲ್ಲೇ ನಾನು ಜಾಸ್ತಿ ಹೊತ್ತು ಸಿಕ್ಕಿಕೊಂಡಿದ್ದು)

ಒಂದು: ಟೆಸ್ಟ್ ಪಾಸಿಟಿವ್ ಇದೆ, ಆದರೆ ಸ್ಕ್ಯಾನ್‌ನಲ್ಲಿ ಗರ್ಭ ಎಲ್ಲಿದೆ ಅಂತ ಕಾಣುತ್ತಿಲ್ಲ. ಇನ್ನೂ ತೀರಾ ಚಿಕ್ಕದಿರಬಹುದು, ಆಗಲೇ ಬಿದ್ದುಹೋಗಿರಬಹುದು, ಗರ್ಭಕೋಶದ ಹೊರಗೆ ನಾಳದಲ್ಲಿ ಕಟ್ಟಿರಬಹುದು. ಇನ್ನೊಂದು: ಗರ್ಭ ಗರ್ಭಕೋಶದೊಳಗೇ ಇದೆ, ಆದರೆ ಬದುಕಿ ಬೆಳೆಯುತ್ತಿದೆಯೋ ಇಲ್ಲವೋ ಹೇಳಲಾಗುತ್ತಿಲ್ಲ. ಪುಸ್ತಕಗಳಲ್ಲಿ ಇವೆರಡೂ ಅಕ್ಕಪಕ್ಕ ಬರುವುದರಿಂದ ಕಲಸಿಹೋಗುತ್ತವೆ. ಮೊದಲನೆಯದರಲ್ಲಿ ತಾಯಿಯ ಜೀವಕ್ಕೂ ಅಪಾಯ ಇರಬಹುದು. ಎರಡನೆಯದರಲ್ಲಿ ಪ್ರಶ್ನೆ ಮುಖ್ಯವಾಗಿ ಗರ್ಭದ್ದು. ಕಾಯುವಾಗಿನ ಭಯವೂ ಆದ್ದರಿಂದ ಬೇರೆ ಬೇರೆ.

ಮೊದಲನೆಯದಕ್ಕೆ ರಕ್ತದಲ್ಲಿ ಎಚ್‌ಸಿಜಿ (ಬಸಿರಿನ ಹಾರ್ಮೋನ್) ಎಷ್ಟಿದೆ ಅಂತ ನೋಡುತ್ತಾರೆ, 48 ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಒಂದೇ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. 600 ಅಂದರೆ ಒಳ್ಳೆಯದಾ ಕೆಟ್ಟದ್ದಾ? ಏರುತ್ತಿರುವ 600 ಬೇರೆ, ಇಳಿಯುತ್ತಿರುವ 600 ಬೇರೆ. ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಸಲಹೆ ರೂಪಿಸುವ ನೈಸ್ ಸಂಸ್ಥೆಯ ಮಾರ್ಗಸೂಚಿ ಹೀಗೆ ಹೇಳುತ್ತದೆ: 48 ಗಂಟೆಯಲ್ಲಿ ಶೇ. 63ಕ್ಕಿಂತ ಹೆಚ್ಚು ಏರಿದರೆ ಗರ್ಭಕೋಶದೊಳಗೆ ಬೆಳೆಯುತ್ತಿರುವ ಸಾಧ್ಯತೆ ಹೆಚ್ಚು, ಆದರೂ ಹೊರಗಿನ ಗರ್ಭ ಅಲ್ಲವೇ ಅಲ್ಲ ಎಂದು ಹೇಳುವಂತಿಲ್ಲ. ಶೇ. 50ಕ್ಕಿಂತ ಹೆಚ್ಚು ಇಳಿದರೆ ಮುಂದುವರಿಯುವ ಸಾಧ್ಯತೆ ಕಡಿಮೆ. ನಡುವೆ ಬಿದ್ದರೆ 24 ಗಂಟೆಯೊಳಗೆ ಆಕೆಯನ್ನು ಮತ್ತೆ ನೋಡಬೇಕು.

ಇಲ್ಲಿ ಶೇಕಡಾ ಲೆಕ್ಕ ಯಾವಾಗಲೂ ಮೊದಲ ಸಂಖ್ಯೆಯ ಮೇಲೆ. 600 ಇದ್ದದ್ದು 1000 ಆಯಿತು. ಏರಿದ್ದು 400. 400ನ್ನು 600ರಿಂದ ಭಾಗಿಸಿದರೆ ಶೇ. 66 ದಾಟುತ್ತದೆ, 63ರ ಗಡಿಯ ಮೇಲೆ. ಅವಸರದಲ್ಲಿ 1000ದಿಂದ ಭಾಗಿಸಿದರೆ ಶೇ. 40 ಬರುತ್ತದೆ, ಉತ್ತರವೇ ತಲೆಕೆಳಗು. ನನ್ನ ಅಡ್ಡದಾರಿ: ಮೊದಲ ಸಂಖ್ಯೆಯನ್ನು 1.63ರಿಂದ ಗುಣಿಸಿಬಿಡಿ. 600ಕ್ಕೆ 978 ಬರುತ್ತದೆ. ಎರಡನೇ ಸಂಖ್ಯೆ ಅದನ್ನು ದಾಟಿದೆಯಾ? ಅಷ್ಟೇ. ಇಳಿಕೆಗೆ ಇನ್ನೂ ಸುಲಭ, ಅರ್ಧಕ್ಕಿಂತ ಕೆಳಗೆ ಹೋಗಿದೆಯಾ ನೋಡಿ. 'ಎರಡು ದಿನಕ್ಕೆ ಎರಡರಷ್ಟು ಆಗಲೇಬೇಕು' ಅನ್ನುವ ಮಾತು ಎಲ್ಲೆಡೆ ಸಿಗುತ್ತದೆ. ಅದನ್ನು ನಂಬಿದ ಹೆಂಗಸು 600 ಹೋಗಿ 1000 ಆದದ್ದನ್ನು ಕಂಡು ಅತ್ತುಬಿಡುತ್ತಾಳೆ. ಇದು ಮಾಹಿತಿಯಿಂದಲೇ ಬಿಡಿಸಬಹುದಾದ ಗೊಂದಲ, ಕೂಡಲೇ ಬಿಡಿಸಬೇಕು.

ಮರೆಯಬಾರದ್ದು: ಸಂಖ್ಯೆಗಿಂತ ಆಕೆಯ ಲಕ್ಷಣಗಳಿಗೆ ಹೆಚ್ಚು ಬೆಲೆ ಕೊಡಬೇಕು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ.

ಎರಡನೆಯದಕ್ಕೆ ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನ್. ಭ್ರೂಣದ ಉದ್ದ 7 ಮಿಲಿಮೀಟರ್‌ಗಿಂತ ಕಡಿಮೆ ಇದ್ದು ಬಡಿತ ಕಾಣದಿದ್ದರೆ, ಅಥವಾ ಗರ್ಭಚೀಲದ ಸರಾಸರಿ ಅಗಲ 25 ಮಿಲಿಮೀಟರ್‌ಗಿಂತ ಕಡಿಮೆ ಇದ್ದು ಭ್ರೂಣ ಕಾಣದಿದ್ದರೆ, ತೀರ್ಮಾನ ಹೇಳುವಂತಿಲ್ಲ. ಕನಿಷ್ಠ 7 ದಿನ ಬಿಟ್ಟು ಮತ್ತೆ ಸ್ಕ್ಯಾನ್. ಏಕೆ 7 ದಿನ? ಈ ಹಂತದಲ್ಲಿ ಭ್ರೂಣ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ನಾಳೆಯೇ ನೋಡಿದರೆ ವ್ಯತ್ಯಾಸ ಅಳತೆಯ ತಪ್ಪಿನೊಳಗೇ ಮುಚ್ಚಿಹೋಗುತ್ತದೆ. ಹಿಂದೆ ಈ ಗಡಿಗಳು ಇನ್ನೂ ಕಡಿಮೆ ಇದ್ದವು. ಇಬ್ಬರು ಅಳೆದರೆ ಎರಡು ಅಳತೆ ಬರುತ್ತದೆ, ಬದುಕಿರುವ ಗರ್ಭವನ್ನೂ ಹೋಯಿತು ಎಂದುಬಿಡುವ ಅಪಾಯ ಇದೆ ಎಂದು ಗೊತ್ತಾದ ಮೇಲೆ 2011ರಿಂದೀಚೆಗೆ ಏರಿಸಿದರು.

ಅಂದರೆ ಆ ವಾರದ ಕಾಯುವಿಕೆ ಗರ್ಭವನ್ನು ಕಾಪಾಡಲು ಇಟ್ಟದ್ದು. ಕಾಯುವ ಹೆಂಗಸಿಗೆ ಇದನ್ನು ಯಾರೂ ಹೇಳದಿದ್ದರೆ 'ನನ್ನ ಪರಿಸ್ಥಿತಿ ಇವರಿಗೆ ಲೆಕ್ಕಕ್ಕೇ ಇಲ್ಲ' ಅಂತ ಅನಿಸುತ್ತದೆ. ಎಷ್ಟು ಸಹಜ, ಅಲ್ವಾ?

ಮಿಶೆಲ್ ಹೇಳಿದ್ದು

ಮರ್ಲ್ ಮಿಶೆಲ್ ನರ್ಸಿಂಗ್ ಸಂಶೋಧಕಿ. ಕಾಯಿಲೆಯಲ್ಲಿನ ಅನಿಶ್ಚಿತತೆಯ ಸಿದ್ಧಾಂತವನ್ನು 1988ರಲ್ಲಿ ಮಂಡಿಸಿದರು. ಬಸಿರು ಕಾಯಿಲೆಯಲ್ಲ, ಆದರೂ ಸಿದ್ಧಾಂತ ಇಲ್ಲಿ ಚೆನ್ನಾಗಿ ಕೂರುತ್ತದೆ. ತಿರುಳು ಇದು: ಅನಿಶ್ಚಿತತೆ ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದನ್ನು ಅಪಾಯ ಎಂದು ಕಂಡವರು ಕಡಿಮೆ ಮಾಡಲು ನೋಡುತ್ತಾರೆ. ಅವಕಾಶ ಎಂದು ಕಂಡವರು ಹಾಗೇ ಉಳಿಸಿಕೊಳ್ಳಲು ನೋಡುತ್ತಾರೆ.

'ಉಳಿಸಿಕೊಳ್ಳುವುದು' ಎಂಬಲ್ಲಿ ಓದು ನಿಂತುಬಿಡುತ್ತದೆ. ಗೊತ್ತಿಲ್ಲದಿರುವುದನ್ನು ಯಾರು ಉಳಿಸಿಕೊಳ್ಳುತ್ತಾರೆ? ಕೆಟ್ಟ ಸುದ್ದಿಯೇ ಬರಬಹುದು ಎಂಬ ಹೆದರಿಕೆ ಇದ್ದಾಗ, 'ಇನ್ನೂ ಗೊತ್ತಿಲ್ಲ' ಅಂದರೆ 'ಇನ್ನೂ ಆಸೆ ಇದೆ' ಅಂತಲೂ ಹೌದು. ಸ್ಕ್ಯಾನ್ ತಾರೀಖನ್ನು ಮುಂದೂಡುವ, ವರದಿ ಬಂದರೂ ತೆರೆಯದ ಹೆಂಗಸು ಅಸಡ್ಡೆ ಮಾಡುತ್ತಿಲ್ಲ, ಆಸೆಯನ್ನು ಕಾಯುತ್ತಿದ್ದಾಳೆ. ಇದು ಹೊಳೆದ ಮೇಲೆ ಉಳಿದದ್ದು ಸರಸರ ಬಂತು.

ನಿಭಾಯಿಸುವ ರೀತಿಗಳು

ಮನಶ್ಶಾಸ್ತ್ರಜ್ಞರಾದ ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ಮಾಡಿದ ವಿಂಗಡಣೆ ಎಲ್ಲರಿಗೂ ಬಾಯಿಪಾಠ: ಸಮಸ್ಯೆಯ ಕಡೆ ತಿರುಗುವುದು, ಭಾವನೆಯ ಕಡೆ ತಿರುಗುವುದು. ಇಲ್ಲಿ ಸಮಸ್ಯೆಗೆ ಮಾಡುವುದು ತೀರಾ ಕಡಿಮೆ. ಹಾಸಿಗೆ ಹಿಡಿದು ಮಲಗಿದರೆ ಗರ್ಭಪಾತ ತಪ್ಪುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮೊದಲ ವಾರಗಳಲ್ಲಿ ಬಿದ್ದುಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಕ್ರೋಮೋಸೋಮ್ ದೋಷ, ಅದು ಯಾರ ಕೈಯಲ್ಲೂ ಇಲ್ಲ.

ಆದರೂ ಕೈ ಸುಮ್ನೆ ಇರುವುದಿಲ್ಲ. ಟಾಯ್ಲೆಟ್ಟಿಗೆ ಹೋದಾಗಲೆಲ್ಲ ಒರೆಸಿದ ಕಾಗದವನ್ನು ಬೆಳಕಿಗೆ ಹಿಡಿದು ಬಣ್ಣ ನೋಡುವುದು. ಕಂದು ಬಣ್ಣವಾ, ಕೆಂಪಾ? ನಿನ್ನೆ ನೋಯುತ್ತಿದ್ದ ಎದೆಯನ್ನು ಒತ್ತಿ ಇವತ್ತೂ ನೋಯುತ್ತದಾ ಅಂತ ನೋಡುವುದು. ಒಂದು ಬೆಳಗ್ಗೆ ವಾಕರಿಕೆ ಬರದಿದ್ದರೆ ಎದೆ ಧಸಕ್ಕೆನ್ನುವುದು. ಬಸಿರಿನ ಮೊದಲ ಮೂರು ತಿಂಗಳಲ್ಲಿ ಸುಮಾರು 4ರಲ್ಲಿ ಒಬ್ಬರಿಗೆ ರಕ್ತ ಕಾಣಿಸಿಕೊಳ್ಳುತ್ತದೆ, ಅವರಲ್ಲಿ ಬಹಳ ಜನರ ಗರ್ಭ ಮುಂದುವರಿಯುತ್ತದೆ. ವಾಕರಿಕೆಯೂ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಹಾಗಾಗಿ ಈ ಪರೀಕ್ಷೆಗಳಿಂದ ಉತ್ತರ ಸಿಗದು. ಅರೆಗಳಿಗೆ ಸಮಾಧಾನ ಸಿಗುತ್ತದೆ, ಆಮೇಲೆ ಮತ್ತೆ ಹೋಗಿ ನೋಡಬೇಕು ಅನಿಸುತ್ತದೆ.

ಇನ್ನೊಂದು, ಮನಸ್ಸನ್ನು ಮೊದಲೇ ಗಟ್ಟಿ ಮಾಡಿಕೊಳ್ಳುವುದು. 'ಉಳಿಯಲ್ಲ ಬಿಡಿ' ಅನ್ನುವುದು, ಯಾರಿಗೂ ಹೇಳದಿರುವುದು, ಹೆಸರು ಯೋಚಿಸದಿರುವುದು. ಹಿಂದೆ ಒಮ್ಮೆ ಗರ್ಭ ಕಳೆದುಕೊಂಡವರಲ್ಲಿ ಇದು ಹೆಚ್ಚು. ಅವರಿಗೆ ಒಂದು ಒಳ್ಳೆಯ ಸ್ಕ್ಯಾನ್ ಕೆಲವೇ ದಿನ ಬಾಳಿಕೆ ಬರುತ್ತದೆ. ಯಾರಿಗೂ ಹೇಳದಿರುವುದರ ಬೆಲೆ ಏನೆಂದರೆ, ಕಳೆದುಕೊಂಡರೆ ದುಃಖವನ್ನೂ ಹೇಳಿಕೊಳ್ಳುವವರಿಲ್ಲ.

ಮೂರನೆಯದು ಲ್ಯಾಂಕಾಸ್ಟಲ್ ಮತ್ತು ಬೊಯ್ವಿನ್ ಎಂಬ ಸಂಶೋಧಕರ ಕಾರ್ಡ್, 2008. ಐವಿಎಫ್ (ದೇಹದ ಹೊರಗೆ ಗರ್ಭ ಕಟ್ಟಿಸುವ ಚಿಕಿತ್ಸೆ) ಆದ ಮೇಲೆ ಫಲಿತಾಂಶಕ್ಕೆ ಕಾಯುವವರಿಗಾಗಿ ಮಾಡಿದ್ದು. ಹತ್ತು ಚಿಕ್ಕ ಹೇಳಿಕೆಗಳು, ಈ ಪರಿಸ್ಥಿತಿಯಲ್ಲೂ ಒಳ್ಳೆಯದೇನಿದೆ ಎಂದು ನೋಡಲು ಹಚ್ಚುವಂಥವು. ಆಮೇಲೆ ಪದೇ ಪದೇ ಗರ್ಭಪಾತ ಆದವರು ಹೊಸ ಬಸಿರಿನಲ್ಲಿ ಕಾಯುವಾಗಲೂ ಇದನ್ನು ಪ್ರಯೋಗಿಸಿ ನೋಡಿದ್ದಾರೆ. ನನಗೆ ಇಷ್ಟವಾದದ್ದು, ಇದು 'ಎಲ್ಲಾ ಸರಿಹೋಗುತ್ತೆ' ಎಂದು ಸುಳ್ಳು ಭರವಸೆ ಕೊಡುವುದಿಲ್ಲ. ಫಲಿತಾಂಶವನ್ನು ಮುಟ್ಟದೆ, ಕಾಯುವ ದಿನಗಳನ್ನಷ್ಟೇ ಹಿಡಿದುಕೊಳ್ಳುತ್ತದೆ.

ಅಭ್ಯಾಸಕ್ಕೆ ಒಂದು ಕೇಸ್

ಎಚ್‌ಸಿಜಿ 800 ಇತ್ತು, 48 ಗಂಟೆಯ ನಂತರ 1100. ಸ್ಕ್ಯಾನ್‌ನಲ್ಲಿ ಗರ್ಭ ಕಾಣಲಿಲ್ಲ. 'ಮಗು ಚೆನ್ನಾಗಿದೆಯಾ?' ಎಂದು ಆಕೆ ಕೇಳುತ್ತಾರೆ.

800ನ್ನು 1.63ರಿಂದ ಗುಣಿಸಿದರೆ 1304. ಮುಟ್ಟಿಲ್ಲ, ಇಳಿದೂ ಇಲ್ಲ. ನಡುವಿನ ವಲಯ, 24 ಗಂಟೆಯೊಳಗೆ ಮತ್ತೆ ನೋಡಬೇಕು. 'ಗಾಬರಿಯಾಗಬೇಡಿ' ಅಂತ ಮಾತ್ರ ಬರೆದರೆ ಉತ್ತರ ಅರ್ಧ. ನಾನು ಬರೆಯುವುದು ಹೀಗೆ: 'ಈಗ ನಮಗೂ ಖಚಿತವಾಗಿ ಹೇಳಲು ಆಗುತ್ತಿಲ್ಲ. ಗರ್ಭ ಎಲ್ಲಿದೆ ಎಂದು ಇನ್ನೂ ಕಾಣುತ್ತಿಲ್ಲ. ನಾಳೆ ಮತ್ತೆ ನೋಡುತ್ತೇವೆ. ನೀವು ಏನೋ ಮಾಡಿದ್ದಕ್ಕೆ ಹೀಗಾಗಿದ್ದಲ್ಲ. ಆದರೆ ಹೊಟ್ಟೆಯ ಒಂದೇ ಬದಿಯಲ್ಲಿ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಅಥವಾ ಜಾಸ್ತಿ ರಕ್ತ ಕಂಡರೆ ನಾಳೆಯ ತನಕ ಕಾಯಬೇಡಿ, ರಾತ್ರಿಯಾದರೂ ಸರಿ ಕೂಡಲೇ ಬನ್ನಿ.'