ಚಿಕ್ಕದಾಗಿ ಕಂಡ ಡಿಕ್ಕಿ

2001ರ ಫೆಬ್ರವರಿ 18. ಅಮೆರಿಕದ ಫ್ಲೋರಿಡಾದಲ್ಲಿ ಡೇಟೋನಾ 500 ಕಾರ್ ರೇಸು. ಅವತ್ತು ಅಲ್ಲಿ ಎರಡು ದೊಡ್ಡ ಅಪಘಾತ ಆದವು. ಒಂದನ್ನು ನೋಡಿದವರು ಚಾಲಕನ ಕತೆ ಮುಗೀತು ಅಂದುಕೊಂಡರು, ಆತ ಬದುಕಿದ. ಇನ್ನೊಂದನ್ನು ನೋಡಿ ಇದೇನು ಮಹಾ ಅಂದುಕೊಂಡರು, ಅದರಲ್ಲಿ ಒಬ್ಬ ಚಾಲಕ ಬದುಕಲಿಲ್ಲ.

ಮೊದಲನೆಯದು ಆಗಿದ್ದು 200 ಸುತ್ತಿನ ರೇಸಿನ 173ನೇ ಸುತ್ತಿನಲ್ಲಿ. ಟೋನಿ ಸ್ಟೀವರ್ಟ್ ಅವರ ಕಾರು ಗಾಳಿಗೆ ಎದ್ದಿತು. ಬೇರೆ ಕಾರುಗಳ ಮೇಲೆ ಹಾರಿ, ಪಲ್ಟಿ ಹೊಡೆದು, ತುಂಡುಗಳನ್ನು ಉದುರಿಸುತ್ತಾ ಬಂದು ಬಿತ್ತು. ಹತ್ತಾರು ಕಾರುಗಳು ಒಂದಕ್ಕೊಂದು ಗುದ್ದಿಕೊಂಡವು. ರೇಸನ್ನೇ ನಿಲ್ಲಿಸಬೇಕಾಯಿತು. ಸ್ಟೀವರ್ಟ್‌ಗೆ ಆದದ್ದು ಭುಜದ ಪೆಟ್ಟು, ತಲೆಗೆ ಒಂದಿಷ್ಟು ಏಟು. ಅಷ್ಟೇ.

ಎರಡನೆಯದು ಕಟ್ಟಕಡೆಯ ಸುತ್ತಿನ ಕಟ್ಟಕಡೆಯ ತಿರುವಿನಲ್ಲಿ. ಮೂರನೇ ಸ್ಥಾನದಲ್ಲಿದ್ದ ಕಪ್ಪು ಬಣ್ಣದ 3ನೇ ನಂಬರ್ ಕಾರು ಸ್ವಲ್ಪ ಜಾರಿತು, ಮೇಲಕ್ಕೆ ತಿರುಗಿತು, ಕಾಂಕ್ರೀಟ್ ಗೋಡೆಗೆ ಬಡಿಯಿತು. ಪಲ್ಟಿ ಇಲ್ಲ, ಬೆಂಕಿ ಇಲ್ಲ. ಗೋಡೆಯಿಂದ ಸುಮ್ನೆ ಕೆಳಗೆ ಜಾರಿಕೊಂಡು ಬಂದು ಹುಲ್ಲಿನ ಮೇಲೆ ನಿಂತಿತು. ಅದರ ಜೊತೆಗೇ ಸಿಕ್ಕಿಕೊಂಡಿದ್ದ ಇನ್ನೊಂದು ಕಾರಿನಿಂದ ಕೆನ್ ಶ್ರೇಡರ್ ಇಳಿದರು. ಗೆಳೆಯನನ್ನು ಮಾತಾಡಿಸೋಣ ಅಂತ ಕಪ್ಪು ಕಾರಿನ ಕಿಟಕಿಯೊಳಗೆ ಬಗ್ಗಿ ನೋಡಿದರು. ಮರುಕ್ಷಣವೇ ಹಿಂದೆ ಸರಿದು, ಬೇಗ ಬನ್ನಿ ಎಂದು ಕೈ ಬೀಸಿ ವೈದ್ಯರನ್ನು ಕರೆದರು. ಆ ದಿನದ ದೃಶ್ಯಗಳಲ್ಲಿ ನನಗೆ ಮರೆಯಲಾಗದ್ದು ಡಿಕ್ಕಿ ಅಲ್ಲ, ಶ್ರೇಡರ್ ಹಿಂದೆ ಸರಿದ ರೀತಿ.

ಒಳಗಿದ್ದವರು ಡೇಲ್ ಅರ್ನ್‌ಹಾರ್ಟ್. ವಯಸ್ಸು 49.

ಸ್ಟಾಕ್ ಕಾರ್ ರೇಸು ನಮ್ಮಲ್ಲಿ ನೋಡುವವರು ಕಡಿಮೆ. ಫಾರ್ಮುಲಾ ಒನ್ ಗೊತ್ತು, ಇದು ಗೊತ್ತಿಲ್ಲ. ಹೊರಗಿನಿಂದ ಮಾಮೂಲಿ ಕಾರಿನ ಹಾಗೇ ಕಾಣುವ ಗಾಡಿಗಳು ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಗಂಟೆಗಟ್ಟಲೆ ಎಡಕ್ಕೇ ತಿರುಗುತ್ತವೆ. ಇದನ್ನು ನಡೆಸುವ ನ್ಯಾಸ್ಕಾರ್ ಸಂಸ್ಥೆ ಹುಟ್ಟಿದ್ದು 1948ರಲ್ಲಿ. ಡೇಟೋನಾ ಟ್ರ್ಯಾಕ್ ಎರಡೂವರೆ ಮೈಲಿ ಉದ್ದ. ಅದರ ತಿರುವುಗಳು 31 ಡಿಗ್ರಿ ಇಳಿಜಾರು, ನಡೆದು ಹತ್ತಿದರೆ ಏದುಸಿರು ಬರುವಷ್ಟು.

ಅರ್ನ್‌ಹಾರ್ಟ್ ಏಳು ಸಲ ಚಾಂಪಿಯನ್ ಆದವರು. ಆದರೆ ಡೇಟೋನಾ 500 ಮಾತ್ರ ಅವರಿಗೆ ಒಲಿದಿರಲಿಲ್ಲ. 19 ಸಲ ಓಡಿಸಿ ಸೋತಿದ್ದರು. 1998ರಲ್ಲಿ ರೇಸಿನ ಹಿಂದಿನ ದಿನ ಗಾಲಿಕುರ್ಚಿಯಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಅವರ ಕೈಗೆ ಒಂದು ಪೆನ್ನಿ ನಾಣ್ಯ ಕೊಟ್ಟಳು. ಇದನ್ನು ಉಜ್ಜಿದ್ದೀನಿ, ನೀವೇ ಗೆಲ್ತೀರಿ ಅಂದಳು. ಅವರು ಅದನ್ನು ತಂದು ಕಾರಿನ ಡ್ಯಾಶ್‌ಬೋರ್ಡಿಗೆ ಅಂಟು ಹಾಕಿ ಅಂಟಿಸಿದರು. ಮರುದಿನ 20ನೇ ಪ್ರಯತ್ನದಲ್ಲಿ ಗೆದ್ದರು. ಗೆದ್ದು ಬರುವಾಗ ಎದುರಾಳಿ ತಂಡಗಳ ಕೆಲಸಗಾರರೆಲ್ಲ ದಾರಿಯುದ್ದಕ್ಕೂ ಸಾಲಾಗಿ ನಿಂತಿದ್ದರು. ಅವರು ಕಾರನ್ನು ನಿಧಾನ ಮಾಡಿ ಒಬ್ಬೊಬ್ಬರ ಕೈಗೂ ಕೈ ತಾಕಿಸುತ್ತಾ ಬಂದರು.

ಅಂಥ ಮನುಷ್ಯ ಅಷ್ಟು ಚಿಕ್ಕದಾಗಿ ಕಂಡ ಡಿಕ್ಕಿಗೆ ಹೋದದ್ದು ಹೇಗೆ?

ಕಾರು ಹೋಗುತ್ತಿದ್ದದ್ದು ಗಂಟೆಗೆ ಸುಮಾರು 160 ಮೈಲಿ ವೇಗದಲ್ಲಿ, ಅಂದರೆ 257 ಕಿಲೋಮೀಟರ್. ಆದರೆ ಮೈ ಮುರಿಯುವುದು ವೇಗದಿಂದಲ್ಲ. ವಿಮಾನದಲ್ಲಿ ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಕೂತು ಕಾಫಿ ಕುಡಿಯುತ್ತೇವೆ ಅಲ್ವಾ? ಪೆಟ್ಟಾಗುವುದು ವೇಗ ಎಷ್ಟು ಬದಲಾಯಿತು, ಎಷ್ಟು ಹೊತ್ತಿನಲ್ಲಿ ಬದಲಾಯಿತು ಅನ್ನುವುದರಿಂದ. ಕಾರು ಗೋಡೆಗೆ ನೇರವಾಗಿ ನುಗ್ಗಲಿಲ್ಲ, ಸುಮಾರು 14 ಡಿಗ್ರಿ ಓರೆಯಾಗಿ ತಾಗಿತು. ಹಾಗಾಗಿ ವೇಗದ ಬಹುಪಾಲು ಗೋಡೆಯ ಉದ್ದಕ್ಕೆ ಜಾರಿಹೋಯಿತು. ಗೋಡೆ ಕಿತ್ತುಕೊಂಡಿದ್ದು ಗಂಟೆಗೆ ಸುಮಾರು 43 ಮೈಲಿಯಷ್ಟು ವೇಗವನ್ನು ಮಾತ್ರ. ನೋಡುವವರಿಗೆ ಕಾರು ಮುಂದೆ ಹೋಗುತ್ತಲೇ ಇತ್ತು. ಅದಕ್ಕೇ ಡಿಕ್ಕಿ ಚಿಕ್ಕದಾಗಿ ಕಂಡಿತು.

ಆದರೆ ಆ 43 ಮೈಲಿ ವೇಗ ಇಳಿದುಹೋಗಿದ್ದು ಬರೀ 0.08 ಸೆಕೆಂಡಿನಲ್ಲಿ. ಆರಂತಸ್ತಿನ ಕಟ್ಟಡದಿಂದ ಬಿದ್ದರೆ ನೆಲ ಮುಟ್ಟುವಾಗ ಅಷ್ಟೇ ವೇಗ ಇರುತ್ತದೆ. ಲೆಕ್ಕ ಹಾಕಿದರೆ ಸರಾಸರಿ ಬಲ ಗುರುತ್ವದ 24 ಪಟ್ಟು ಬರುತ್ತದೆ. ಮಧ್ಯದ ಒಂದು ಗಳಿಗೆ ಇನ್ನೂ ಜಾಸ್ತಿ.

ಈಗ ತಲೆಯ ವಿಷಯಕ್ಕೆ ಬನ್ನಿ. ಬಸ್ಸಿನಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದಾಗ ನಾವೆಲ್ಲ ಮುಂದಿನ ಸೀಟಿಗೆ ಹಣೆ ಚಚ್ಚಿಸಿಕೊಂಡವರೇ. ರೇಸ್ ಕಾರಿನಲ್ಲಿ ಮೈಯನ್ನು ಬೆಲ್ಟುಗಳು ಬಿಗಿಯಾಗಿ ಹಿಡಿದಿರುತ್ತವೆ. ತಲೆಯನ್ನು ಯಾರೂ ಹಿಡಿದಿಲ್ಲ. ತಲೆ, ಹೆಲ್ಮೆಟ್ ಸೇರಿ ಆರು ಕಿಲೋ ಅಂದುಕೊಳ್ಳಿ. 24 ಪಟ್ಟು ಅಂದರೆ 144 ಕಿಲೋ. ಸುಮಾರು ಮೂರು ಸಿಮೆಂಟ್ ಮೂಟೆಯನ್ನು ಕತ್ತಿಗೆ ಕಟ್ಟಿ ಎಳೆದ ಹಾಗೆ. ಆ ಎಳೆತ ಬಂದು ನಿಲ್ಲುವುದು ಕತ್ತು ಮತ್ತು ತಲೆಬುರುಡೆ ಸೇರುವ ಜಾಗದಲ್ಲಿ. ಅಲ್ಲಿ ಬುರುಡೆಯ ತಳ ಸೀಳುತ್ತದೆ. ಅರ್ನ್‌ಹಾರ್ಟ್ ಅವರ ಬುರುಡೆಯ ತಳವೂ ಸೀಳಿತ್ತು.

ಸ್ಟೀವರ್ಟ್ ಯಾಕೆ ಬದುಕಿದರು ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಈಡುಗಾಯಿಯನ್ನು ಕಲ್ಲಿಗೆ ಒಗೆದರೆ ಒಂದೇ ಏಟಿಗೆ ಚೂರು. ಅದೇ ಕಾಯಿ ಗುಡ್ಡದ ಮೇಲಿಂದ ಉರುಳಿ ಬಂದರೆ ಹತ್ತು ಕಡೆ ತಾಗಿಯೂ ಇಡಿಯಾಗಿ ಉಳಿಯಬಹುದು. ಪ್ರತಿ ಪಲ್ಟಿಯೂ ಸ್ವಲ್ಪ ಸ್ವಲ್ಪ ಶಕ್ತಿಯನ್ನು ಖರ್ಚು ಮಾಡುತ್ತದೆ. ಉದುರಿದ ತುಂಡುಗಳೂ ತಮ್ಮ ಪಾಲನ್ನು ಹೊತ್ತುಕೊಂಡು ಹೋಗುತ್ತವೆ. ಕಣ್ಣಿಗೆ ಭಯಾನಕ, ಕತ್ತಿಗೆ ವಾಸಿ.

ಇದು ಹೊಸ ವಿಷಯವೇನೂ ಆಗಿರಲಿಲ್ಲ, ಸಂಕಟ ಇರುವುದೇ ಅಲ್ಲಿ. 2000ದ ಮೇ ತಿಂಗಳಲ್ಲಿ ನ್ಯೂ ಹ್ಯಾಂಪ್‌ಶೈರ್ ಟ್ರ್ಯಾಕಿನಲ್ಲಿ ಆಡಮ್ ಪೆಟಿ ಸತ್ತಿದ್ದ. ಇನ್ನೂ 19 ವರ್ಷ, ನಾಲ್ಕು ತಲೆಮಾರು ರೇಸ್ ಓಡಿಸಿದ ಮನೆಯ ಹುಡುಗ. ಎರಡು ತಿಂಗಳಾಗುವಷ್ಟರಲ್ಲಿ ಅದೇ ಟ್ರ್ಯಾಕಿನಲ್ಲಿ ಕೆನಿ ಅರ್ವಿನ್. ಅಕ್ಟೋಬರಿನಲ್ಲಿ ಟೆಕ್ಸಾಸ್‌ನಲ್ಲಿ ಟೋನಿ ರೋಪರ್. ಎಲ್ಲವೂ ತಲೆ, ಕತ್ತಿನ ಪೆಟ್ಟೇ.

ಪರಿಹಾರವೂ ಆಗಲೇ ಇತ್ತು. ರಾಬರ್ಟ್ ಹಬ್ಬರ್ಡ್ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರೊಫೆಸರು, ಜಿಮ್ ಡೌನಿಂಗ್ ರೇಸ್ ಚಾಲಕ. ಇಬ್ಬರೂ ಭಾವಮೈದುನರು. 1981ರಲ್ಲಿ ಗೆಳೆಯನೊಬ್ಬ ಇದೇ ಥರದ ಡಿಕ್ಕಿಯಲ್ಲಿ ಸತ್ತ ಮೇಲೆ ತಲೆ ಕೆಡಿಸಿಕೊಂಡು ಕೂತರು. ಅವರು ಮಾಡಿದ್ದು ‘ಹಾನ್ಸ್’ ಎಂಬ ಸಾಧನ. ಭುಜದ ಮೇಲೆ ಕೂರುವ ಗಟ್ಟಿ ಪಟ್ಟಿ, ಅದನ್ನು ಬೆಲ್ಟುಗಳು ಅದುಮಿ ಹಿಡಿಯುತ್ತವೆ. ಅದರಿಂದ ಹೆಲ್ಮೆಟ್ಟಿಗೆ ಎರಡು ಚಿಕ್ಕ ದಾರ. ಡಿಕ್ಕಿಯಾದಾಗ ತಲೆ ಒಂಟಿಯಾಗಿ ಹಾರುವುದಿಲ್ಲ, ಮೈಯ ಜೊತೆಗೇ ನಿಲ್ಲುತ್ತದೆ. ಎಳೆತ ಕತ್ತಿಗೆ ಬೀಳದೆ ದಾರಕ್ಕೆ ಬೀಳುತ್ತದೆ.

ಆ ಡೇಟೋನಾ ರೇಸಿನಲ್ಲಿ ಅದನ್ನು ಹಾಕಿಕೊಂಡಿದ್ದವರು ಬೆರಳೆಣಿಕೆಯಷ್ಟು ಜನ. ಕಿರಿಕಿರಿ, ತಲೆ ತಿರುಗಿಸೋಕೆ ಆಗಲ್ಲ ಅನ್ನುವ ದೂರುಗಳಿದ್ದವು. ಅರ್ನ್‌ಹಾರ್ಟ್ ಅಂತೂ ಮುಖ ತೆರೆದ ಹಳೇ ಕಾಲದ ಹೆಲ್ಮೆಟ್ಟನ್ನೇ ಬಿಟ್ಟವರಲ್ಲ. ‘ಇಲ್ಲೇ ಪಕ್ಕದ ಅಂಗಡಿಗೆ ತಾನೇ’ ಅಂತ ಹೆಲ್ಮೆಟ್ಟನ್ನು ಸ್ಕೂಟರಿನ ಕನ್ನಡಿಗೆ ನೇತುಹಾಕಿಕೊಂಡು ಹೋಗುವ ನಾವು ಅವರನ್ನು ಬೈಯುವ ಹಾಗಿಲ್ಲ.

ಆ ದಿನ ರೇಸ್ ಗೆದ್ದವರು ಮೈಕಲ್ ವಾಲ್ಟ್ರಿಪ್. 462 ರೇಸ್ ಸೋತ ಮೇಲೆ ಮೊದಲ ಗೆಲುವು. ಎರಡನೆಯವರಾಗಿ ಬಂದದ್ದು ಅರ್ನ್‌ಹಾರ್ಟ್ ಅವರ ಮಗ ಡೇಲ್ ಜೂನಿಯರ್. ಎರಡೂ ಕಾರು ಅರ್ನ್‌ಹಾರ್ಟ್ ಅವರದ್ದೇ ತಂಡದವು. ಮಾಲೀಕರು ಬಂದು ಹೆಗಲ ಮೇಲೆ ಕೈ ಹಾಕುತ್ತಾರೆ ಎಂದು ವಾಲ್ಟ್ರಿಪ್ ಕಾದರು. ಬಂದವರು ಶ್ರೇಡರ್.

ಮಗ ಅದೇ ವರ್ಷದ ಜುಲೈನಲ್ಲಿ ಅದೇ ಟ್ರ್ಯಾಕಿಗೆ ವಾಪಸ್ ಬಂದು ಗೆದ್ದ. ಅವತ್ತು ಎರಡನೇ ಸ್ಥಾನದಲ್ಲಿ ಬಂದದ್ದು ವಾಲ್ಟ್ರಿಪ್.

ಅಕ್ಟೋಬರಿನಲ್ಲಿ ನ್ಯಾಸ್ಕಾರ್ ತಲೆ ಹಿಡಿಯುವ ಸಾಧನವನ್ನು ಕಡ್ಡಾಯ ಮಾಡಿತು. ಗೋಡೆಗಳೂ ಬದಲಾದವು. ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಡೀನ್ ಸಿಕಿಂಗ್ ಮತ್ತು ತಂಡದವರು ಕಾಂಕ್ರೀಟಿನ ಮುಂದೆ ಉಕ್ಕಿನ ಚೌಕ ಕೊಳವೆಗಳನ್ನು ನಿಲ್ಲಿಸಿ, ನಡುವೆ ಫೋಮ್ ತುಂಡುಗಳನ್ನು ಇಟ್ಟರು. ಕಾರು ಬಡಿದಾಗ ಗೋಡೆ ಸ್ವಲ್ಪ ಹಿಂದೆ ಸರಿಯುತ್ತದೆ. ನಿಲ್ಲುವುದಕ್ಕೆ ಎರಡರಷ್ಟು ಹೊತ್ತು ಸಿಕ್ಕರೆ ಸರಾಸರಿ ಬಲ ಅರ್ಧಕ್ಕೆ ಇಳಿಯುತ್ತದೆ. 2002ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಮೊದಲು ಹಾಕಿದರು, ಆಮೇಲೆ ಎಲ್ಲ ಕಡೆ ಬಂತು.

2020ರ ಫೆಬ್ರವರಿ 17, ಮತ್ತೆ ಡೇಟೋನಾ, ಮತ್ತೆ ಕೊನೆಯ ಸುತ್ತು. ಮುಂದಿದ್ದ ರಯಾನ್ ನ್ಯೂಮನ್ ಅವರ ಕಾರು ಗೋಡೆಗೆ ಬಡಿದು ಮಗುಚಿತು. ಮಗುಚುತ್ತಿರುವಾಗಲೇ ಇನ್ನೊಂದು ಕಾರು ಬಂದು ಚಾಲಕ ಕೂರುವ ಬದಿಗೇ ಗುದ್ದಿತು. ತಲೆಕೆಳಗಾಗಿ, ಕಿಡಿ ಕಾರುತ್ತಾ ಬಹಳ ದೂರ ಜಾರಿತು. ರಕ್ಷಣಾ ತಂಡದವರು ಸುತ್ತ ಕಪ್ಪು ಪರದೆ ಹಿಡಿದರು. ನೋಡುತ್ತಿದ್ದವರಿಗೆಲ್ಲ 2001 ನೆನಪಾಯಿತು.

ನ್ಯೂಮನ್ ಎಂಜಿನಿಯರಿಂಗ್ ಓದಿದವರು. ಹಿಂದೊಮ್ಮೆ ತಮ್ಮ ಕಾರು ಮಗುಚಿ ಚಾವಣಿ ಜಜ್ಜಿಹೋದ ಮೇಲೆ, ಚಾಲಕನ ತಲೆಯ ಮೇಲಿನ ಕಂಬಿಗಳನ್ನು ಗಟ್ಟಿ ಮಾಡಿ ಎಂದು ಪಟ್ಟು ಹಿಡಿದವರು. ಹಾಗೆ ಸೇರಿದ ಒಂದು ಕಂಬಿಗೆ ರೇಸಿನವರು ‘ನ್ಯೂಮನ್ ಬಾರ್’ ಅಂತಲೇ ಕರೆಯುತ್ತಾರೆ. ಆ ದಿನ ಅವರ ತಲೆಯ ಮೇಲೂ ಅದೇ ಇತ್ತು.

ಎರಡು ದಿನ ಬಿಟ್ಟು, ತಮ್ಮ ಇಬ್ಬರು ಹೆಣ್ಣುಮಕ್ಕಳ ಕೈ ಹಿಡಿದುಕೊಂಡು ಆಸ್ಪತ್ರೆಯಿಂದ ನಡೆದುಕೊಂಡೇ ಹೊರಗೆ ಬಂದರು. ಮೇ 17ಕ್ಕೆ ಡಾರ್ಲಿಂಗ್ಟನ್‌ನಲ್ಲಿ ಮತ್ತೆ ಸ್ಟೀರಿಂಗ್ ಹಿಡಿದು 15ನೆಯವರಾಗಿ ರೇಸು ಮುಗಿಸಿದರು.